ಒಂದೇ ಸೆಮಿಸ್ಟರ್‌ನಲ್ಲಿ ಮ್ಯಾಡಿಸನ್ ಮತ್ತು ಮೆನ್ಷಿಯಸ್

ಕಂಪ್ಯೂಟರ್ ಸೈನ್ಸ್ ಓದೋಕೆ ಕ್ಯಾಲಿಫೋರ್ನಿಯಾಗೆ ಹೋದವನು ಚೀನಾದ ಹಳೇ ತತ್ವಶಾಸ್ತ್ರ ಯಾಕೆ ಓದ್ತಿದ್ದೀಯ ಅಂತ ಊರಿನ ಗೆಳೆಯರು ಕೇಳುತ್ತಲೇ ಇದ್ದಾರೆ. ನಮ್ಮ ಕಾಲೇಜಿನಲ್ಲಿ ಅಮೆರಿಕದ ಇತಿಹಾಸ ಎಲ್ಲರಿಗೂ ಕಡ್ಡಾಯ. ಚೀನಾದ್ದು ನಾನೇ ಇಷ್ಟಪಟ್ಟು ತೆಗೆದುಕೊಂಡದ್ದು. ಎರಡೂ ಕ್ಲಾಸು ಒಂದರ ಹಿಂದೆ ಒಂದು ಇರುವುದರಿಂದ ಮೊದಲನೆಯದರಲ್ಲಿ ಕೇಳಿದ್ದು ಇನ್ನೂ ತಲೆಯಲ್ಲಿ ಓಡುತ್ತಿರುವಾಗಲೇ ಎರಡನೆಯದು ಶುರುವಾಗುತ್ತದೆ.

1788ರಲ್ಲಿ ಜೇಮ್ಸ್ ಮ್ಯಾಡಿಸನ್, ಅಮೆರಿಕದ ಸಂವಿಧಾನ ರೂಪಿಸಿದವರಲ್ಲಿ ಒಬ್ಬ, ಆ ಹೊಸ ಸಂವಿಧಾನದ ಪರವಾಗಿ ಬರೆಯುತ್ತಾ, ಮನುಷ್ಯರು ದೇವತೆಗಳಾಗಿದ್ದರೆ ಸರ್ಕಾರವೇ ಬೇಕಿರಲಿಲ್ಲ ಅಂದ. ಅದಕ್ಕೇ ಕಾಂಗ್ರೆಸ್ (ಅಲ್ಲಿನ ಸಂಸತ್ತು), ಅಧ್ಯಕ್ಷ, ಕೋರ್ಟು ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರಬೇಕು. ಯಾರನ್ನೂ ಪೂರ್ತಿ ನಂಬಬಾರದು.

ಮೆನ್ಷಿಯಸ್ ಕ್ರಿ.ಪೂ. 4ನೇ ಶತಮಾನದ ಚೀನೀ ತತ್ವಜ್ಞಾನಿ. ಅವನು ಶುರು ಮಾಡೋದೇ ಇನ್ನೊಂದು ತುದಿಯಿಂದ: ಮನುಷ್ಯನ ಸ್ವಭಾವ ಮೂಲದಲ್ಲಿ ಒಳ್ಳೆಯದು ಅಂತ. ನನಗೆ ತುಂಬಾ ಹಿಡಿಸಿದ್ದು ಚೀ ರಾಜ್ಯದ ದೊರೆ ಷುವಾನ್‌ನ ಪ್ರಸಂಗ. ಹೊಸ ಗಂಟೆಗೆ ರಕ್ತ ಸವರಿ ಶುದ್ಧ ಮಾಡಲು ಒಂದು ಎತ್ತನ್ನು ಎಳೆದುಕೊಂಡು ಹೋಗುತ್ತಿರುತ್ತಾರೆ. ಅದು ಹೆದರಿ ನಡುಗುವುದನ್ನು ನೋಡಲಾಗದೆ ದೊರೆ ಅದನ್ನು ಬಿಡಿಸಿ, ಅದರ ಬದಲು ಒಂದು ಕುರಿ ಕೊಡಿ ಅನ್ನುತ್ತಾನೆ. ಜನ ಅವನನ್ನು ಜಿಪುಣ ಅಂದುಕೊಳ್ಳುತ್ತಾರೆ. ಮೆನ್ಷಿಯಸ್ ಮಾತ್ರ, ಜಿಪುಣತನ ಅಲ್ಲ, ನೀನು ಎತ್ತನ್ನು ಕಂಡೆ, ಕುರಿಯನ್ನು ಕಾಣಲಿಲ್ಲ, ಅಷ್ಟೇ ಅನ್ನುತ್ತಾನೆ. ಪ್ರಾಣಿಯ ಮೇಲೆ ಇಷ್ಟು ಕನಿಕರ ಇರುವ ನೀನು ನಿನ್ನ ಪ್ರಜೆಗಳಿಗೂ ಅದನ್ನು ತೋರಿಸಬಲ್ಲೆ, ತೋರಿಸುತ್ತಿಲ್ಲ ಅಂತ ಮುಖದ ಮೇಲೇ ಹೇಳುತ್ತಾನೆ!

ಅವನ ನಂತರ ಬಂದ ಇನ್ನೊಬ್ಬ ಚೀನೀ ತತ್ವಜ್ಞಾನಿ ಷುನ್‌ಜಿ ಇದನ್ನು ಒಪ್ಪಲ್ಲ. ಮನುಷ್ಯನ ಸ್ವಭಾವ ಡೊಂಕು ಮರದ ಹಾಗೆ, ಹಬೆಯಲ್ಲಿಟ್ಟು ಬಗ್ಗಿಸಿಯೇ ನೆಟ್ಟಗೆ ಮಾಡಬೇಕು ಅನ್ನೋದು ಅವನ ವಾದ. ಅವನಿಗೂ ಮ್ಯಾಡಿಸನ್‌ಗೂ ಚೆನ್ನಾಗಿ ಹೊಂದುತ್ತಿತ್ತೇನೋ ಅಂತ ಮೊದಲು ಅನಿಸಿತು. ಆದರೆ ಷುನ್‌ಜಿ ನಂಬುವುದು ಗುರುವನ್ನು, ವಿಧಿ-ಆಚಾರವನ್ನು. ಮ್ಯಾಡಿಸನ್ ನಂಬುವುದು ವ್ಯವಸ್ಥೆಯನ್ನು.

ಆಮೇಲೆ ಇತಿಹಾಸದ ಪಾಠ 1882ಕ್ಕೆ ಬಂತು. 1869ರಲ್ಲಿ ಪೂರ್ವ-ಪಶ್ಚಿಮ ರೈಲು ಹಳಿ ಯೂಟಾದಲ್ಲಿ ಕೂಡಿತಲ್ಲ, ಪಶ್ಚಿಮದ ಕಡೆಯಿಂದ ಸಿಯೆರಾ ನೆವಾಡಾ ಬೆಟ್ಟದ ಬಂಡೆ ಸಿಡಿಸಿ ದಾರಿ ಮಾಡಿದವರಲ್ಲಿ ಚೀನೀ ಕೂಲಿಗಳೇ ಜಾಸ್ತಿ. 13 ವರ್ಷ ಕಳೆಯುವಷ್ಟರಲ್ಲಿ ಚೀನೀ ಕೂಲಿಗಳು ಇನ್ನು ಒಳಗೆ ಬರುವಂತಿಲ್ಲ ಅಂತ ಕಾಯ್ದೆ! 20 ವರ್ಷದ ನಿಷೇಧದ ಮಸೂದೆಯನ್ನು ಅಧ್ಯಕ್ಷ ಆರ್ಥರ್ ವಾಪಸ್ ಕಳಿಸಿದ, 10 ವರ್ಷಕ್ಕೆ ಇಳಿಸಿದಾಗ ಸಹಿ ಹಾಕಿದ. 1889ರಲ್ಲಿ ಸುಪ್ರೀಂ ಕೋರ್ಟು ಹೊರಗಿಡುವ ಅಧಿಕಾರ ಸರಿಯೇ ಅಂದಿತು. ಒಬ್ಬರನ್ನೊಬ್ಬರು ತಡೆಯಬೇಕಿದ್ದ ಮೂವರೂ ಒಂದಾಗಿಬಿಟ್ಟರು. ಇದನ್ನು ಓದಿದ ದಿನ ನನಗೆ ನಿಜವಾಗಿ ಸಿಟ್ಟು ಬಂತು.

1910ರಿಂದ 1940ರವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ಐಲ್ಯಾಂಡ್‌ನಲ್ಲಿ ಚೀನಾದಿಂದ ಬಂದವರನ್ನು ವಾರಗಟ್ಟಲೆ, ಕೆಲವರನ್ನು ತಿಂಗಳುಗಟ್ಟಲೆ ಕೂಡಿಹಾಕಿ ವಿಚಾರಣೆ ಮಾಡುತ್ತಿದ್ದರು. ನಿಮ್ಮ ಊರಲ್ಲಿ ಎಷ್ಟು ಮನೆ, ಅಕ್ಕಿ ಡಬ್ಬ ಎಲ್ಲಿರುತ್ತೆ, ಇಂಥ ಪ್ರಶ್ನೆಗಳು. ಒಳಗಿದ್ದವರು ಮರದ ಗೋಡೆಗಳ ಮೇಲೆ ಕವಿತೆ ಕೆತ್ತಿದರು. ಸಿಬ್ಬಂದಿ ಲಪ್ಪ ತುಂಬಿ ಬಣ್ಣ ಬಳಿದರೂ ಅಕ್ಷರದ ಗೀರು ಇವತ್ತಿಗೂ ಕಾಣುತ್ತದೆ. ಒಂದು ಕವಿತೆಯಲ್ಲಿ ಹಳೇ ಚೀನಾದ, ಸೆರೆಯಲ್ಲಿದ್ದ ವೆನ್ ದೊರೆಯ ಹೆಸರು ಬರುತ್ತದೆ. ಮೆನ್ಷಿಯಸ್‌ಗೂ ಮುಂಚಿನ ಚಿಂತಕ ಕನ್ಫ್ಯೂಷಿಯಸ್ ಆದರ್ಶ ಅಂತ ಕೊಂಡಾಡಿದ ದೊರೆ ಅವನು. ನನ್ನ ಎರಡು ಪಾಠಗಳೂ ಒಂದೇ ಗೋಡೆಯ ಮೇಲಿದ್ದವು.

ಅದೇ ಕಾಲದಲ್ಲಿ, 1935ರಲ್ಲಿ, ವಾಷಿಂಗ್ಟನ್‌ನ ಹೊಸ ಸುಪ್ರೀಂ ಕೋರ್ಟ್ ಕಟ್ಟಡ ಮುಗಿಯಿತು. ಅದರ ಹಿಂಬದಿಯಲ್ಲಿ ಹಳೇ ಕಾಲದಲ್ಲಿ ಕಾನೂನು ಕೊಟ್ಟ ಮೋಸೆಸ್, ಸೋಲೊನ್ ಜೊತೆ ಕನ್ಫ್ಯೂಷಿಯಸ್‌ನ ಶಿಲ್ಪವೂ ಇದೆ. ಚೀನೀಯರ ಮೇಲಿನ ನಿಷೇಧ ಹೋದದ್ದು 1943ರಲ್ಲಿ, ಅದೂ ವರ್ಷಕ್ಕೆ 105 ಜನರಿಗೆ ಮಾತ್ರ ಅವಕಾಶ ಕೊಟ್ಟು.

ದೊರೆ ಕಾಣದ ಕುರಿ ನನಗೆ ನೆನಪಾಗೋದು ಇಲ್ಲೇ. ಕಣ್ಣಿಗೆ ಬೀಳದ ಹಾಗೆ ಜನರನ್ನು ದ್ವೀಪದಲ್ಲಿಟ್ಟರೆ ಯಾರ ಮನಸ್ಸು ಕರಗಬೇಕು? ಕ್ಲಾಸಿನಲ್ಲಿ ಕೇಳಿದೆ. ಟರ್ಮ್ ಪೇಪರ್ ಇದರ ಮೇಲೇ ಬರಿ ಅಂದರು ಮೇಡಂ. ಭಗತ್ ಸಿಂಗ್ ಥಿಂಡ್ ಕೇಸು ತೆಗೆದುಕೊಂಡಿದ್ದೇನೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಪಂಜಾಬಿ ಅವನು. ಭಾರತೀಯರು ಬಿಳಿಯರಲ್ಲ, ಪೌರತ್ವ ಸಿಗಲ್ಲ ಅಂತ 1923ರಲ್ಲಿ ಕೋರ್ಟು ಹೇಳಿತು. ಅವನು ನ್ಯಾಯಾಧೀಶರ ಪಕ್ಕದಲ್ಲೇ ಸಮವಸ್ತ್ರದಲ್ಲಿ ನಿಂತಿದ್ದರೂ ಅದೇ ತೀರ್ಪು ಬರುತ್ತಿತ್ತಾ? ಬರುತ್ತಿತ್ತು ಅಂತಲೇ ನನ್ನ ಅನಿಸಿಕೆ. ಹಾಗಿದ್ದರೆ ಮೆನ್ಷಿಯಸ್ ಇದಕ್ಕೆ ಏನು ಹೇಳುತ್ತಾನೆ ಅನ್ನೋದನ್ನು ಈಗ ಬರೆಯುತ್ತಾ ಕೂತಿದ್ದೇನೆ.