ಮೂರೇ ಅಲಗು ಸಾಕು: ಚಾಕು ಆರಿಸಿ, ತೆಳುವಾಗಿಸಿ, ಸಾಣೆ ಹಿಡಿದ ಕೆಲಸದ ಟಿಪ್ಪಣಿ

ಏನೇನು ಬೇಕು

ನಾಲ್ಕು ಜನರ ಅಡುಗೆಮನೆ. ದಿನಾ ಹೆಚ್ಚುವುದು ಈರುಳ್ಳಿ, ಹುರುಳಿಕಾಯಿ, ಕೋಸು, ಕ್ಯಾರೆಟ್, ಟೊಮೆಟೊ, ಸೊಪ್ಪು. ಆಗೀಗ ಸಿಹಿಗುಂಬಳ, ಬಾಳೆಹೂವು, ಹಲಸಿನಕಾಯಿ. ಇಷ್ಟಕ್ಕೆ 8 ಇಂಚಿನ ಒಂದು ದೊಡ್ಡ ಚಾಕು, ಮೂರೂವರೆ ಇಂಚಿನ ಒಂದು ಸಣ್ಣ ಚಾಕು, ಮನೆಯಲ್ಲಿ ಮೊದಲಿಂದಲೂ ಇರುವ ಈಳಿಗೆಮಣೆ ಸಾಕು. ಮರದ ಸ್ಟ್ಯಾಂಡಿನಲ್ಲಿ ಬರುವ ಆರೇಳು ಚಾಕುಗಳ ಸೆಟ್ ಬೇಡ. ಅದರಲ್ಲಿ ಕೈಗೆ ಸಿಗುವುದು ಎರಡೇ, ಉಳಿದವು ಧೂಳು ಹಿಡಿಯುತ್ತವೆ. ಆ ದುಡ್ಡಿನ ಒಂದು ಪಾಲು ಸಾಣೆಕಲ್ಲಿಗೆ ಹೋಗಲಿ. ಕಲ್ಲಿಲ್ಲದ ಮನೆಯಲ್ಲಿ ಎಷ್ಟೇ ಬೆಲೆಯ ಚಾಕುವೂ ಕೆಲವು ತಿಂಗಳಲ್ಲಿ ಮೊಂಡಾಗುತ್ತದೆ. ಗರಗಸದ ಹಲ್ಲಿನ ಚಾಕು ಬ್ರೆಡ್ಡಿಗೆ ಚೆನ್ನ. ತರಕಾರಿಗೆ ಬೇಡ: ಈರುಳ್ಳಿಯನ್ನು ಕತ್ತರಿಸುವ ಬದಲು ಹರಿಯುತ್ತದೆ, ಮನೆಯ ಕಲ್ಲಿನ ಮೇಲೆ ಸಾಣೆಯೂ ಹಿಡಿಯಲಾಗದು.

ಅಂಗಡಿಯಲ್ಲಿ ಪರೀಕ್ಷೆ

ಹೆಸರಿಗಿಂತ ಮೊದಲು ಅಲಗನ್ನು ನೋಡಬೇಕು. ಚಾಕುವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹಿಡಿಯ ಕಡೆಯಿಂದ ಮೊನೆಯತ್ತ ನೋಡಿದರೆ ಬೆನ್ನು ಸೊಟ್ಟಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಆಮೇಲೆ ಬಾಯಿಯನ್ನು ಸಪಾಟು ಹಲಗೆಯ ಮೇಲಿಟ್ಟು, ಮೊನೆಯಿಂದ ಹಿಂಭಾಗದವರೆಗೆ ತೂಗಿಸಿ ನೋಡಬೇಕು. ನಡುವೆ ಎಲ್ಲಾದರೂ ಬೆಳಕು ಇಣುಕಿದರೆ ಆ ಜಾಗದಲ್ಲಿ ಕಾರ್ಖಾನೆಯವರು ಹೆಚ್ಚು ಉಜ್ಜಿದ್ದಾರೆ. ಅಲ್ಲಿ ಹುರುಳಿಕಾಯಿ ಪೂರ್ತಿ ತುಂಡಾಗದೆ ನಾರಿನಲ್ಲಿ ಜೋತುಬೀಳುತ್ತದೆ. ಹಿಡಿಗೂ ಲೋಹಕ್ಕೂ ನಡುವೆ ಉಗುರು ಸಿಕ್ಕುವಷ್ಟು ಸಂದಿದ್ದರೆ ನೀರು ಕೂತು ಒಳಗಿಂದಲೇ ಹಾಳಾಗುತ್ತದೆ.

ಹಿಡಿಯ ಹತ್ತಿರ ದಪ್ಪ ಲೋಹದ ಗಂಟು ಬಾಯಿಯವರೆಗೂ ಇಳಿದು ಬಂದಿರುವ ಚಾಕುಗಳನ್ನು ಬಿಟ್ಟುಬಿಡಿ. ಸಾಣೆ ಹಿಡಿದಂತೆಲ್ಲ ಉಳಿದ ಬಾಯಿ ಸವೆಯುತ್ತದೆ, ಗಂಟು ಸವೆಯದು. ಒಂದೆರಡು ವರ್ಷದಲ್ಲಿ ಅದರ ಪಕ್ಕದ ಭಾಗ ಹಲಗೆಯನ್ನೇ ಮುಟ್ಟುವುದಿಲ್ಲ.

ಉಕ್ಕಿನ ಮಾತು ಚಿಕ್ಕದು. ಕಡಿಮೆ ಬೆಲೆಯ ಮೆದು ಸ್ಟೇನ್‌ಲೆಸ್‌ನಲ್ಲಿ ಇಂಗಾಲ ಶೇ. 0.3ರ ಆಸುಪಾಸು, ಬೇಗ ಮೊಂಡಾಗುತ್ತದೆ. 1.4116 ಎಂಬ ಜರ್ಮನ್ ದರ್ಜೆಯಲ್ಲಿ ಇಂಗಾಲ ಸುಮಾರು ಶೇ. 0.5, ಕ್ರೋಮಿಯಂ ಸುಮಾರು ಶೇ. 15, ಗಡಸುತನ ಸಾಮಾನ್ಯವಾಗಿ ರಾಕ್‌ವೆಲ್ ಮಾಪನದಲ್ಲಿ 56ರ ಹತ್ತಿರ. ಜಪಾನಿನ ವಿಜಿ-10ರಲ್ಲಿ ಇಂಗಾಲ ಸುಮಾರು ಶೇ. 1, ಗಡಸುತನ 60ರ ಮೇಲೆ. ಹರಿತ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಒರಟಾಗಿ ಬಳಸಿದರೆ ಬಾಯಿ ಚಕ್ಕೆ ಏಳುತ್ತದೆ. ಹಲವು ಕೈ ಓಡಾಡುವ ಮನೆಗೆ 1.4116 ಸರಿ. ಆರಿಸಿದ್ದು ಅದೇ.

ಅಳತೆ

ಹೊಸ ಚಾಕುವಿನ ಅಲಗು 46 ಮಿ.ಮೀ. ಅಗಲ, ಬೆನ್ನು 2.2 ಮಿ.ಮೀ. ದಪ್ಪ. ಹರಿತದ ಪಟ್ಟೆ, ಅಂದರೆ ಬಾಯಿಯಂಚಿನಲ್ಲಿ ಸಾಣೆ ಹಿಡಿದ ಕಿರಿದಾದ ಇಳಿಜಾರು, ಶುರುವಾಗುವ ಜಾಗದಲ್ಲಿ ವರ್ನಿಯರ್ (ದಪ್ಪ ಅಳೆಯುವ ಉಪಕರಣ) ಇಟ್ಟರೆ 0.75 ಮಿ.ಮೀ. ಇದು ದಪ್ಪವೇ. ಕಾಗದ ಸರಾಗವಾಗಿ ಕತ್ತರಿಸುತ್ತದೆ, ಕ್ಯಾರೆಟ್ ಮಾತ್ರ ಅರ್ಧಕ್ಕೆ ಬರುತ್ತಲೇ ಟಪ್ ಎಂದು ಸೀಳುತ್ತದೆ. ಬಾಯಿ ಹರಿತವಿದ್ದರೂ ಅದರ ಹಿಂದಿನ ದಪ್ಪ ಬೆಣೆಯ ಹಾಗೆ ತರಕಾರಿಯನ್ನು ಎರಡೂ ಕಡೆಗೆ ದೂಡುವುದೇ ಕಾರಣ. “ಚಾಕು ಮೊಂಡು” ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ದಪ್ಪವೇ. ಗುರಿ 0.3 ಮಿ.ಮೀ.

ತೆಳುವಾಗಿಸುವುದು

ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಕಾರ್ಬೊರಂಡಮ್ ಕಲ್ಲಿನ ಒರಟು ಮುಖ, ಮೇಲೆ ನೀರು. ಕಲ್ಲಿನಡಿ ಒದ್ದೆ ಬಟ್ಟೆ ಹಾಸಿದರೆ ಜಾರದು. ಅಲಗನ್ನು ಮಲಗಿಸಿ ಬೆನ್ನನ್ನು ಕಲ್ಲಿನಿಂದ 5 ಮಿ.ಮೀ. ಎತ್ತಿದರೆ ಈ ಅಗಲದ ಅಲಗಿಗೆ ಆರು ಡಿಗ್ರಿಗಿಂತ ತುಸು ಹೆಚ್ಚು ಕೋನ ಸಿಗುತ್ತದೆ. ಹರಿತದ ಪಟ್ಟೆ ಮತ್ತು ಅದರ ಮೇಲಿನ 4 ಮಿ.ಮೀ. ಜಾಗಕ್ಕೆ ಮಾರ್ಕರ್ ಮಸಿ ಬಳಿಯಿರಿ. ಎರಡು ಸಲ ಉಜ್ಜಿ ನೋಡಿದರೆ ಕಲ್ಲು ಎಲ್ಲಿ ತಾಗುತ್ತಿದೆ ಎಂದು ಮಸಿಯೇ ಹೇಳುತ್ತದೆ. ಪಟ್ಟೆಯ ಮೇಲಂಚಿನಲ್ಲಿ ಮಸಿ ಹೋಗಬೇಕು, ತೀರಾ ಬಾಯಿಯಲ್ಲಿ ಉಳಿಯಬೇಕು.

ಒತ್ತುವ ಬೆರಳು ಯಾವಾಗಲೂ ಕಲ್ಲಿನ ಮೇಲಿರುವ ಭಾಗದ ಮೇಲೇ ಇರಲಿ. ಅಲಗನ್ನು ನಾಲ್ಕು ಪಾಲು ಮಾಡಿಕೊಂಡು ಪ್ರತಿ ಪಾಲಿಗೂ ಎರಡು ಕಡೆಯೂ ಒಂದೇ ಲೆಕ್ಕದಲ್ಲಿ ಉಜ್ಜಬೇಕು. ಒಂದೇ ಕಡೆ ಹೆಚ್ಚಾದರೆ ಆಮೇಲೆ ಕುಂಬಳ ಕೊಯ್ಯುವಾಗ ಚಾಕು ಓರೆಗೆ ಓಡುತ್ತದೆ. ಕಲ್ಲಿನ ಮೇಲೆ ಏಳುವ ಬೂದುಬಣ್ಣದ ಕೆಸರನ್ನು ಪೂರ್ತಿ ತೊಳೆಯಬೇಡಿ, ಅದೂ ಉಜ್ಜುವ ಕೆಲಸ ಮಾಡುತ್ತದೆ. ಕೊನೆಗೆ ಪ್ರತಿ ಬದಿಯಲ್ಲೂ ಸುಮಾರು ಎರಡೂವರೆ ಮಿ.ಮೀ. ಅಗಲದ ಹೊಸ ಇಳಿಜಾರು ಮೂಡಿತು, ವರ್ನಿಯರ್‌ನಲ್ಲಿ 0.3 ಬಂತು. ಒರಟು ಗೀರುಗಳು ಉಳಿದಿರುತ್ತವೆ. 600, ಆಮೇಲೆ 1000 ನಂಬರಿನ (ನಂಬರ್ ಹೆಚ್ಚಿದಷ್ಟೂ ನಯ) ವಾಟರ್ ಪೇಪರನ್ನು, ಅಂದರೆ ನೀರು ಹಾಕಿ ಬಳಸುವ ಉಜ್ಜುಕಾಗದವನ್ನು, ಪುಟ್ಟ ಮರದ ತುಂಡಿಗೆ ಸುತ್ತಿ, ಬಾಯಿಗೆ ಸಮಾನಾಂತರವಾಗಿ ಉಜ್ಜಿದರೆ ಹೋಗುತ್ತವೆ.

ಈ ಕೆಲಸಕ್ಕೆ ಕರೆಂಟಿನ ಸಾಣೆಚಕ್ರ ಬೇಡವೇ ಬೇಡ. ತೆಳು ಬಾಯಿ ಕ್ಷಣದಲ್ಲಿ ಕಾಯುತ್ತದೆ. ಉಕ್ಕು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅಲ್ಲಿ ಹದ ಹೋಯಿತು, ಆ ಭಾಗ ಮೆತ್ತಗಾಯಿತು. ಎಷ್ಟು ಸಾಣೆ ಹಿಡಿದರೂ ಅಲ್ಲಿ ಹರಿತ ನಿಲ್ಲದು.

ಹರಿತ

1000 ನಂಬರಿನ ನೀರುಕಲ್ಲನ್ನು ಗುಳ್ಳೆ ನಿಲ್ಲುವವರೆಗೆ, ಹತ್ತು–ಹದಿನೈದು ನಿಮಿಷ ನೆನೆಸಬೇಕು. ನೆನೆಸಬಾರದ ಕಲ್ಲುಗಳೂ ಇವೆ, ಡಬ್ಬದ ಮೇಲಿನ ಸೂಚನೆ ಓದಿ. ಕೋನ ಪ್ರತಿ ಬದಿಗೆ 15 ಡಿಗ್ರಿ, ಅಂದರೆ ಈ ಅಲಗಿಗೆ ಬೆನ್ನು 12 ಮಿ.ಮೀ. ಎತ್ತರದಲ್ಲಿರಬೇಕು. 12 ಮಿ.ಮೀ. ದಪ್ಪದ ಮರದ ಚೂರು ಪಕ್ಕದಲ್ಲಿಟ್ಟುಕೊಂಡು ಆಗಾಗ ಹೋಲಿಸಿ ನೋಡಿದರೆ ಕೈಗೆ ಅಂದಾಜು ಕೂರುತ್ತದೆ.

ಒಂದು ಬದಿಯನ್ನು ಉಜ್ಜುತ್ತಾ ಹೋದರೆ ಇನ್ನೊಂದು ಬದಿಯಲ್ಲಿ ಲೋಹದ ಸಣ್ಣ ಮುರಿ ಏಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಹೊರಕ್ಕೆ ಸವರಿದರೆ ತರಿತರಿಯಾಗಿ ತಾಗುತ್ತದೆ. ಬಾಯಿಯ ಉದ್ದಕ್ಕೆ ಎಂದೂ ಸವರಬೇಡಿ. ಮೊನೆಯಿಂದ ಹಿಂಭಾಗದವರೆಗೆ ಎಲ್ಲೂ ಬಿಡದಂತೆ ಮುರಿ ಎದ್ದ ಮೇಲಷ್ಟೇ ಬದಿ ಬದಲಿಸಬೇಕು. ಸಾಮಾನ್ಯವಾಗಿ ಮೊನೆಯ ಹತ್ತಿರವೇ ಏಳುವುದಿಲ್ಲ. ಅಲ್ಲಿ ಬಾಯಿ ಮೇಲಕ್ಕೆ ಬಾಗಿರುವುದರಿಂದ ಹಿಡಿಯನ್ನು ತುಸು ಎತ್ತದಿದ್ದರೆ ಕಲ್ಲು ಬಾಯಿಗೆ ತಾಗುವುದೇ ಇಲ್ಲ.

ಸಾಣೆ ಹಿಡಿದ ದಿನ ಚಾಕು ಚುರುಕಾಗಿದ್ದು ಎರಡೇ ದಿನಕ್ಕೆ ಮೊಂಡಾದರೆ ಮುರಿ ಪೂರ್ತಿ ಹೋಗಿಲ್ಲ ಎಂದರ್ಥ. ಅದೇ ನೇರ ನಿಂತು ಹರಿತದ ಹಾಗೆ ಕೆಲಸ ಮಾಡಿರುತ್ತದೆ, ಆಮೇಲೆ ಮಡಚಿಕೊಳ್ಳುತ್ತದೆ. ಹಾಗಾಗಿ ಕೊನೆಯಲ್ಲಿ ಚಾಕುವಿನ ಭಾರ ಮಾತ್ರ ಬೀಳುವಷ್ಟು ಹಗುರ ಕೈಯಲ್ಲಿ, ಎಡಕ್ಕೊಂದು ಬಲಕ್ಕೊಂದು ಎಂಟು–ಹತ್ತು ಸಲ ಎಳೆಯಬೇಕು. ನಂತರ 3000 ನಂಬರಿನ ಕಲ್ಲಿನಲ್ಲಿ ಅದೇ ರೀತಿ, ಕೊನೆಗೆ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆದರೆ ಮುಗಿಯಿತು. 3000ದ ಆಚೆ ಹೋಗುವುದು ತರಕಾರಿಗೆ ಅನಗತ್ಯ. ಟೊಮೆಟೊ ಸಿಪ್ಪೆಗೆ ಕಚ್ಚಿಕೊಳ್ಳಲು ಬಾಯಿಯಲ್ಲಿ ಕಣ್ಣಿಗೆ ಕಾಣದ ಒರಟುತನ ಇರಲೇಬೇಕು.

ಕಲ್ಲೂ ಸವೆಯುತ್ತದೆ, ನಡುವೆ ತಗ್ಗು ಬೀಳುತ್ತದೆ. ಪೆನ್ಸಿಲ್‌ನಲ್ಲಿ ಚೌಕ ಗೆರೆ ಎಳೆದು, ಗ್ರಾನೈಟ್ ಮೇಲೆ ಹಾಸಿದ 220 ನಂಬರಿನ ವಾಟರ್ ಪೇಪರಿಗೆ ನೀರು ಹಾಕಿ ಗೆರೆ ಮಾಯವಾಗುವವರೆಗೆ ಉಜ್ಜಿ.

ಬಳಕೆಯಲ್ಲಿ

ಕ್ಯಾರೆಟ್ ಈಗ ಸೀಳುವುದಿಲ್ಲ. ಹಲಗೆ ಮರದ್ದು ಅಥವಾ ಪ್ಲಾಸ್ಟಿಕ್ಕಿನದು ಮಾತ್ರ. ಗಾಜಿನ ಹಲಗೆ, ಗ್ರಾನೈಟ್ ಕಟ್ಟೆ, ಸ್ಟೀಲ್ ತಟ್ಟೆಯ ಮೇಲೆ ಹೆಚ್ಚಿದರೆ ಬಾಯಿ ತಕ್ಷಣ ಮಡಚುತ್ತದೆ. ತೆಂಗಿನಕಾಯಿ ಒಡೆಯಲು, ಮೂಳೆ ಕಡಿಯಲು ಈ ಚಾಕು ಅಲ್ಲ, ಅದಕ್ಕೆ ಕತ್ತಿ ಇದೆ. ಹೆಚ್ಚಿದ್ದನ್ನು ಬಾಯಿಯಿಂದ ಕೆರೆದು ಬಾಣಲೆಗೆ ಹಾಕುವ ಅಭ್ಯಾಸವಿದ್ದರೆ ಚಾಕು ತಿರುಗಿಸಿ ಬೆನ್ನಿನಿಂದ ಕೆರೆಯಿರಿ.

ಬಾಕಿ: ಈಳಿಗೆ

ಇದು ಸ್ಟೇನ್‌ಲೆಸ್ ಅಲ್ಲ. ಬಾಳೆಹೂವಿನ ಒಗರು ಕಬ್ಬಿಣದ ಜೊತೆ ಸೇರಿದರೆ ಹೋಳು ಕಪ್ಪಾಗುತ್ತದೆ, ಆದ್ದರಿಂದ ಹೋಳು ನೇರವಾಗಿ ತೆಳು ಮಜ್ಜಿಗೆಗೆ ಬೀಳಲಿ. ಹಲಸಿನ ಮೇಣ ಹಿಡಿಯದಿರಲು ಅಲಗಿಗೆ ಕೊಬ್ಬರಿ ಎಣ್ಣೆ. ತೊಳೆದು ಒರೆಸಿ ಇಡುವಾಗಲೂ ಕೊಬ್ಬರಿ ಎಣ್ಣೆಯೇ ಒಳ್ಳೆಯದು. ಕುಸುಬೆ, ಸೂರ್ಯಕಾಂತಿ ಎಣ್ಣೆ ಒಣಗಿ ಅಂಟಾಗುತ್ತವೆ. ಅಲಗು ಬಾಗಿರುವುದರಿಂದ ಅದನ್ನು ಕಲ್ಲಿನ ಮೇಲೆ ಎಳೆಯಲಾಗದು. ಮಣೆಯನ್ನು ಗೋಡೆಗೆ ಒತ್ತಿ ಕಾಲಲ್ಲಿ ಅದುಮಿ, ಚಿಕ್ಕ ಕಲ್ಲಿನ ಚೂರನ್ನು ಅಲಗಿನ ಬುಡದಿಂದ ತುದಿಗೆ, ಬೆನ್ನಿನ ಕಡೆಯಿಂದ ಬಾಯಿಯತ್ತ ಅಲ್ಲದೆ ಅಲಗಿನ ಉದ್ದಕ್ಕೇ ಸಾಗಿಸಬೇಕು. ಬೆರಳುಗಳು ಕಲ್ಲಿನ ಅಂಚಿಗಿಂತ ಕೆಳಗೆ ಇಳಿಯಬಾರದು. ಕಾಯಿ ತುರಿಯುವ ಹಲ್ಲುಗಳಿಗೆ ಮೊದಲೇ ದಪ್ಪ ಬಟ್ಟೆ ಸುತ್ತಿ ಕಟ್ಟಬೇಕು. ಮಣೆಗೆ ಅಲಗು ಕೂರುವ ಜಾಗದಲ್ಲಿ ಮೊಳೆ ಸಡಿಲವಾಗಿದೆ. ಸಾಣೆಗೆ ಮುಂಚೆ ಅದನ್ನು ಬಿಗಿ ಮಾಡಬೇಕು, ಅಲುಗಾಡುವ ಅಲಗಿನಲ್ಲಿ ಕೋನ ನಿಲ್ಲುವುದಿಲ್ಲ.