"ಅದೆಲ್ಲಾ ಮಾಡಿ ಏನ್ ಸಿಗುತ್ತೆ?" ಅಂತ ಕೇಳೋರಿಗೆ

ಪ್ರತಿ ಡಿಸೆಂಬರ್ ಕೊನೇ ವಾರ ಆಫೀಸಲ್ಲಿ ಊಟದ ಡಬ್ಬಿ ತೆಗೆಯೋ ಹೊತ್ತಿಗೆ ಈ ಮಾತು ಬಂದೇ ಬರುತ್ತೆ, ಈ ಸಲ ಏನ್ ರೆಸಲ್ಯೂಷನ್ನು ಅಂತ. ಒಬ್ರು ಸಕ್ಕರೆ ಬಿಡ್ತೀನಿ ಅಂತಾರೆ, ಇನ್ನೊಬ್ರು ಎಸ್‌ಐಪಿ ಜಾಸ್ತಿ ಮಾಡ್ತೀನಿ ಅಂತಾರೆ, ನನ್ನ ಸರದಿ ಬಂದಾಗ ನಾನು "ಮೆಜೆಸ್ಟಿಕ್ಕಲ್ಲಿ ಯಾವ್ದೋ ಒಂದು ಬಸ್ ಹತ್ತಿ ಕೊನೇ ಸ್ಟಾಪಲ್ಲಿ ಇಳಿದು ಟೀ ಕುಡಿದು ವಾಪಸ್ ಬರೋದು" ಅಂತೀನಿ. ಎರಡು ಸೆಕೆಂಡ್ ಯಾರೂ ಮಾತಾಡಲ್ಲ. ಆಮೇಲೆ ಯಾರಾದ್ರೂ ಒಬ್ರು ಕೇಳ್ತಾರೆ, ಅದೆಲ್ಲಾ ಮಾಡಿ ಏನ್ ಸಿಗುತ್ತೆ ಮೇಡಂ?

ನೆಂಟರಲ್ಲೂ ಇದೇ ಪ್ರಶ್ನೆ, ಸ್ವಲ್ಪ ಖಾರವಾಗಿ. "ನಲವತ್ನಾಲ್ಕು ಆಯ್ತು, ಇದೆಲ್ಲಾ ಬೇಕಾ ನಿಂಗೆ?"

ಒಂದ್ಸಲ ಕೂತು ಸರಿಯಾಗಿ ಉತ್ತರ ಬರೆದುಬಿಡೋಣ ಅಂತ.

ಮೊದ್ಲು ನಾನೂ ಎಲ್ಲರ ಥರಾನೇ ಇದ್ದೆ. ಜನವರಿಲಿ ಏರಿಯಾದ ಒಂದು ಜಿಮ್ಮಿಗೆ ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದೀನಿ, ಹೋಗಿದ್ದು ಒಂಬತ್ತು ದಿನ. ಆಮೇಲೆ ದಿನಕ್ಕೆ ಹತ್ತು ಸಾವಿರ ಸ್ಟೆಪ್ಸ್ ಅಂತ ಶುರು ಮಾಡ್ದೆ, ರಾತ್ರಿ ಹನ್ನೊಂದೂವರೆಗೆ ವಾಚಲ್ಲಿ 8,700 ತೋರಿಸ್ತಿದ್ರೆ ಡೈನಿಂಗ್ ಟೇಬಲ್ ಸುತ್ತ ಪ್ರದಕ್ಷಿಣೆ ಹಾಕೋದು, ನಮ್ಮನೆಯವ್ರು ಮಲಗೋ ರೂಮಿಂದ "ದೇವರು ಯಾವ ಕಡೆ ಇದಾನೆ ಅಂತಾನಾದ್ರೂ ಹೇಳು" ಅಂತ ಕೂಗೋರು. ಆ ಹತ್ತು ಸಾವಿರ ಅನ್ನೋ ನಂಬರ್ ಎಲ್ಲಿಂದ ಬಂತು ಅಂತ ಆಮೇಲೆ ಗೊತ್ತಾಯ್ತು, 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ಇಟ್ಟ ಹೆಸರಲ್ಲೇ ಇದ್ದಿದ್ದು ಅದು, ಮಾಂಪೊಕೇ, ಅಂದ್ರೆ ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ. ಯಾವ ಡಾಕ್ಟ್ರೂ ಲೆಕ್ಕ ಹಾಕಿ ಕೊಟ್ಟಿದ್ದಲ್ಲ. ಯಾರೋ ಒಂದು ಡಬ್ಬಿ ಮಾರೋಕೆ ಇಟ್ಟ ಹೆಸರಿಗೆ ನಾನು ಹನುಮಂತನಗರದಲ್ಲಿ ಟೇಬಲ್ ಸುತ್ತಿದೀನಿ.

ಇನ್ನೊಂದು ವರ್ಷ 52 ಪುಸ್ತಕ ಓದ್ತೀನಿ ಅಂತ ಹೊರಟೆ. ಓದೋದು ನಂಗೆ ಇಷ್ಟಾನೇ, ಆದ್ರೆ ನವೆಂಬರ್ ಬರೋ ಅಷ್ಟೊತ್ತಿಗೆ ಇನ್ನೂ ಹತ್ತೊಂಬತ್ತು ಬಾಕಿ, ದಪ್ಪ ಪುಸ್ತಕ ಕಂಡ್ರೆ ಕೋಪ ಬರೋದು, ಮಗಳ ಹಳೇ ಚಿತ್ರದ ಪುಸ್ತಕಗಳನ್ನ ಕಪಾಟಿಂದ ತೆಗೆದು ಲೆಕ್ಕಕ್ಕೆ ಸೇರಿಸ್ದೆ. 52 ಆಯ್ತು. ಯಾರಿಗೂ ಹೇಳೋ ಧೈರ್ಯ ಬರ್ಲಿಲ್ಲ.

ಹೌಸಿ ಟಿಕೆಟ್ ಐಡಿಯಾ ಬಂದಿದ್ದು ಒಂದು ಡಿಸೆಂಬರ್ 31ರ ರಾತ್ರಿ, ಮೈದುನನ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲಲ್ಲಿ. ತಂಬೋಲಾ, ಅದೇ ಹೌಸಿ, ಆಡದೆ ಬೆಂಗಳೂರಲ್ಲಿ ಯಾವ ಅಪಾರ್ಟ್‌ಮೆಂಟಿಗೂ ಹೊಸ ವರ್ಷ ಬರಲ್ಲ ಅಲ್ವಾ. ಒಂದು ಟಿಕೆಟಲ್ಲಿ ಮೂರು ಸಾಲು, ಸಾಲಿಗೆ ಐದು ನಂಬರ್, ಒಟ್ಟು ಹದಿನೈದು, ಮಿಕ್ಕಿದ್ದೆಲ್ಲಾ ಖಾಲಿ ಮನೆ. ಎದುರಿಗೆ ನಮ್ಮತ್ತೆ ಕನ್ನಡಕ ಮೂಗಿನ ತುದಿಗೆ ಇಳಿಸ್ಕೊಂಡು ಕೂಗಿದ ಒಂದೊಂದು ನಂಬರಿಗೂ ಪೆನ್ನಲ್ಲಿ ಗೀಟು ಹಾಕ್ತಿದ್ರು, ಮುಖದಲ್ಲಿ ಅದೇನು ಸೀರಿಯಸ್ಸು ಅಂತೀರಾ, ಗೆದ್ರೆ ಸಿಗೋದು ಒಂದು ಸ್ಟೀಲ್ ಡಬ್ಬಿ. ಆಗ ಅನ್ಸಿದ್ದು, ನನ್ನ ರೆಸಲ್ಯೂಷನ್ ವಿಷಯದಲ್ಲಿ ಯಾವತ್ತಾದ್ರೂ ನನ್ನ ಮುಖ ಹೀಗಿತ್ತಾ?

ಆವತ್ತಿಂದ ನಮ್ಮನೇಲಿ ನಾಲ್ಕೂ ಜನಕ್ಕೆ ಒಂದೊಂದು ಟಿಕೆಟ್, ಕೈಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸೋದು. ನಂಬರ್ ಬದಲು ಹದಿನೈದು ಕೆಲಸ. ಎಲ್ಲರಿಗಿಂತ ಮೊದ್ಲು ಐದು ಮನೆಗೆ ಗೀಟು ಹೊಡೆದವರಿಗೆ ಜಲ್ದಿ ಫೈವ್, ಪ್ರೈಜು ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ದೋಸೆ, ಮಿಕ್ಕಿದವರು ಕ್ಯೂ ನಿಲ್ಲಬೇಕು, ಗೆದ್ದವರು ಬಂದು ಕೂರೋದು ಅಷ್ಟೇ. ಶುಕ್ರವಾರ ಅಲ್ಲಿ ರಜ ಅಂತ ಮರೆತು ಗೆದ್ದವರನ್ನ ಕರ್ಕೊಂಡು ಹೋಗಿದ್ದೂ ಇದೆ. ಒಂದು ಲೈನ್ ಮುಗಿಸಿದ್ರೆ ಒಂದು ಭಾನುವಾರ ಅಡುಗೆಮನೆಗೆ ಕಾಲಿಡೋ ಹಾಗಿಲ್ಲ. ಫುಲ್ ಹೌಸ್‌ಗೆ, ಅಂದ್ರೆ ಹದಿನೈದೂ ಹೊಡೆದ್ರೆ, ಏನು ಅಂತ ಇನ್ನೂ ತೀರ್ಮಾನ ಆಗಿಲ್ಲ, ಯಾರೂ ಹೊಡೆದಿಲ್ಲ.

ರೂಲ್ಸ್ ಬೇಕು, ರೂಲ್ಸ್ ಇಲ್ದಿದ್ರೆ ಅದು ಆಟ ಅಲ್ಲ. ಆರೋಗ್ಯ, ದುಡ್ಡು, ಮಾರ್ಕ್ಸು ಈ ಮೂರು ಟಿಕೆಟಲ್ಲಿ ಬರೋ ಹಾಗಿಲ್ಲ. ಬಿಪಿ ಮಾತ್ರೆ ತಗೊಳೋದು ಕೆಲಸ, ಅದನ್ನ ಹೇಗಿದ್ರೂ ಮಾಡ್ಲೇಬೇಕು, ಅದಕ್ಕೆ ಹೊಸ ವರ್ಷ ಯಾಕೆ ಕಾಯ್ಬೇಕು. "ಬಿಡ್ತೀನಿ", "ಮಾಡಲ್ಲ" ಅನ್ನೋದು ಬರೆಯಂಗಿಲ್ಲ, ಮಾಡೋದನ್ನ ಮಾತ್ರ ಬರೀಬೇಕು. ಇದು ನಾವು ಸುಮ್ನೆ ಮಾಡ್ಕೊಂಡಿದ್ದು, ಆಮೇಲೆ ನೋಡಿದ್ರೆ ಸ್ವೀಡನ್ನಲ್ಲಿ ಸಾವಿರ ಚಿಲ್ಲರೆ ಜನರ ಹೊಸ ವರ್ಷದ ಸಂಕಲ್ಪಗಳನ್ನ ವರ್ಷಪೂರ್ತಿ ಫಾಲೋ ಮಾಡಿದ ಸ್ಟಡಿ ಒಂದು 2020ರಲ್ಲಿ ಬಂದಿದೆ, ಏನೋ ಮಾಡ್ತೀನಿ ಅಂದವರಲ್ಲಿ ಸುಮಾರು 59% ಜನ ಗೆದ್ದೆ ಅಂದ್ರಂತೆ, ಏನೋ ಬಿಡ್ತೀನಿ ಅಂದವರಲ್ಲಿ 47%. ನಮ್ಮತ್ತೆಗೆ ಹೇಳ್ದೆ. "ಇದಕ್ಕೆ ಸ್ವೀಡನ್ನಿಗೆ ಹೋಗ್ಬೇಕಿತ್ತಾ" ಅಂದ್ರು.

ಮಾಡಿದ್ದಕ್ಕೆ ಮನೆಯವರಲ್ಲಿ ಒಬ್ರಾದ್ರೂ ಸಾಕ್ಷಿ ಇರ್ಬೇಕು, ಸುಳ್ಳು ಹೇಳಿ ಸಿಕ್ಕಿಬಿದ್ರೆ ಬೋಗಿ, ಒಂದು ಮನೆ ವಾಪಸ್ ಹೋಗುತ್ತೆ. ನಮ್ಮನೆಯವ್ರು "ಲಾಲ್‌ಬಾಗಲ್ಲಿ ಸೂರ್ಯೋದಯ" ಅನ್ನೋ ಮನೇನ ಒಬ್ಬರೇ ಹೋಗಿ ಹೊಡೆದು ಬಂದೆ ಅಂತ ವಾಟ್ಸಾಪಲ್ಲಿ ಫೋಟೋ ಹಾಕಿದ್ರು, ಮಗಳು ಜೂಮ್ ಮಾಡಿ ನೋಡಿದ್ರೆ ಹಿಂದೆ ನಮ್ಮ ಮನೆ ಟೆರೇಸಿನ ಸಿಂಟೆಕ್ಸು. ಬೋಗಿ. ಮತ್ತೆ ಎಲ್ಲಕ್ಕಿಂತ ಮುಖ್ಯವಾದ್ದು, ವರ್ಷ ಮುಗಿದ ಮೇಲೆ ಉಳಿದ ಮನೆಗಳು ಅಲ್ಲೇ ಸತ್ತವು, ಮುಂದಿನ ವರ್ಷಕ್ಕೆ ಕ್ಯಾರಿ ಆಗಲ್ಲ. ನಾನು ಇಂಜಿನಿಯರಿಂಗಲ್ಲಿ ಎರಡು ಬ್ಯಾಕ್ ಇಟ್ಕೊಂಡು ಒದ್ದಾಡಿದೋಳು, ಆ ಸಂಕಟ ನಂಗೊತ್ತು. ಹೋದ ಜನವರಿಯ ಬಾಕಿ ಈ ಜನವರಿಲೂ ಮುಖ ನೋಡ್ತಾ ನಿಂತ್ರೆ ಯಾರಿಗೆ ತಾನೇ ಮನಸ್ಸು ಬರುತ್ತೆ ಹೊಸದು ಬರೆಯೋಕೆ.

ಹೋದ ವರ್ಷ, ಅಂದ್ರೆ 2025ರ ನನ್ನ ಟಿಕೆಟ್ ಹೇಗಿತ್ತು ಅಂತ ಸ್ವಲ್ಪ ಹೇಳ್ತೀನಿ.

ಮೊದಲನೇದು ಸಂಕ್ರಾಂತಿ ದಿನ ಗವಿ ಗಂಗಾಧರೇಶ್ವರ. ಸಂಜೆ ಸೂರ್ಯನ ಬೆಳಕು ನಂದಿ ಕೊಂಬಿನ ನಡುವಿಂದ ಹಾದು ಗವಿ ಒಳಗಿನ ಲಿಂಗದ ಮೇಲೆ ಬೀಳುತ್ತೆ ಅಂತ ಊರೆಲ್ಲಾ ಟಿವಿಲಿ ನೋಡುತ್ತೆ, ಮನೆಯಿಂದ ನಡ್ಕೊಂಡು ಹೋಗೋ ದೂರ, ಮದುವೆ ಆಗಿ ಇಲ್ಲಿಗೆ ಬಂದು ಹದಿನೇಳು ವರ್ಷ, ಒಂದ್ಸಲಾನೂ ಹೋಗಿರ್ಲಿಲ್ಲ. ಹೋದ್ವಿ. ಜನವೋ ಜನ. ನಾವು ನಿಂತಿದ್ದ ಕಡೆ ಕಿರಣಾನೂ ಕಾಣ್ಲಿಲ್ಲ, ಲಿಂಗಾನೂ ಕಾಣ್ಲಿಲ್ಲ, ನಂಗೆ ಕಂಡಿದ್ದು ಮುಂದಿದ್ದೋರ ಮಂಕಿ ಟೋಪಿ. ಇದನ್ನ ಹೊಡೀಬೋದಾ ಬೇಡ್ವಾ ಅಂತ ಮನೇಲಿ ಒಂದು ವಾರ ವಾದ ನಡೀತು. ಟಿಕೆಟಲ್ಲಿ "ಹೋಗೋದು" ಅಂತ ಬರೆದಿದೀನಿ, "ನೋಡೋದು" ಅಂತ ಬರೆದಿಲ್ಲ, ಅದಕ್ಕೆ ಹೊಡೆದೆ. ನನ್ನ ಥರ ಅಕೌಂಟ್ಸಲ್ಲಿ ಕೆಲಸ ಮಾಡೋರ ಜೊತೆ ಆಡ್ಬಾರ್ದು ಅಂತ ಮಗಳು ಅವತ್ತೇ ಕಲಿತಳು.

ಮಗಳು ಹಾಕಿಕೊಟ್ಟ ಮನೆ, ಮೆಟ್ರೋದ ಎಲ್ಲಾ ಲೈನು ಈ ತುದಿಯಿಂದ ಆ ತುದಿ. ಪ್ರತಿ ಟಿಕೆಟಲ್ಲೂ ಮೂರು ಮನೆ ಬೇರೆಯವರು ತುಂಬೋದು ಅಂತ ರೂಲು, ಇಲ್ಲಾಂದ್ರೆ ನಾವು ನಮಗೆ ಸುಲಭ ಇರೋದನ್ನೇ ಬರ್ಕೊಂಡುಬಿಡ್ತೀವಿ. ಮಾರ್ಚಲ್ಲಿ ಒಂದು ಶನಿವಾರ ಇಬ್ರೂ ಚಲ್ಲಘಟ್ಟದಲ್ಲಿ ಹತ್ತಿ ವೈಟ್‌ಫೀಲ್ಡ್‌ವರೆಗೂ ಹೋದ್ವಿ, 37 ಸ್ಟೇಷನ್ನು, ಒಂದೂಕಾಲು ಗಂಟೆಗೂ ಜಾಸ್ತಿ, ಫೆಬ್ರವರಿಲಿ ರೇಟ್ ಏರಿಸಿದ ಮೇಲೆ 90 ರೂಪಾಯಿ. ವಿಜಯನಗರದಲ್ಲಿ ಹೂವಿನ ಬುಟ್ಟಿ ಹಿಡ್ಕೊಂಡು ಹತ್ತಿದ ಒಬ್ರು ಅಮ್ಮ "ಎಲ್ಲಿಗೆ ಹೋಗ್ತಿದೀರಾ" ಅಂದ್ರು, "ಎಲ್ಲಿಗೂ ಇಲ್ಲ" ಅಂದ್ಳು ನನ್ನ ಮಗಳು, ಅವ್ರು ನಮ್ಮಿಬ್ಬರನ್ನೂ ಒಂದ್ಸಲ ನೋಡಿ ಮೆಜೆಸ್ಟಿಕ್ಕಲ್ಲಿ ಇಳಿಯೋವರೆಗೂ ಮಾತಾಡ್ಲಿಲ್ಲ. ಮುಂದಿನ ವಾರ ಹಸಿರು ಲೈನು, ಮಾದಾವರದಿಂದ ರೇಷ್ಮೆ ಸಂಸ್ಥೆ. ಹೊಡೆದು ಆರಾಮಾಗಿದ್ದೆ. ಆಗಸ್ಟ್ 10ಕ್ಕೆ ಹಳದಿ ಲೈನ್ ಉದ್ಘಾಟನೆ ಆಯ್ತು ನೋಡಿ, ಮಾರನೇ ದಿನ ಮಗಳು ಸ್ಕೂಲಿಂದ ಬಂದೋಳೇ ಫ್ರಿಜ್ ಹತ್ರ ಹೋಗಿ ನನ್ನ ಗೀಟಿನ ಮೇಲೆ ವೈಟ್ನರ್ ಹಚ್ಚಿದ್ಲು! "ಎಲ್ಲಾ ಲೈನು ಅಂತ ತಾನೇ ಬರೆದಿರೋದು." ಆರ್‌.ವಿ. ರೋಡಿಂದ ಬೊಮ್ಮಸಂದ್ರ, 19 ಕಿಲೋಮೀಟರು, ಆಗಿನ್ನೂ ಮೂರೇ ಟ್ರೇನು, 25 ನಿಮಿಷಕ್ಕೊಂದು, ಪ್ಲಾಟ್‌ಫಾರ್ಮಲ್ಲಿ ಕಾಲಿಡೋಕೆ ಜಾಗ ಇಲ್ಲ. ಹೋಗಿ ಬಂದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಮೇಲೆ ಹೋಗೋವಾಗ ಕೆಳಗೆ ನಿಂತ ಗಾಡಿಗಳನ್ನ ನೋಡಿ ಇಡೀ ಬೋಗಿ ಜನ ನಕ್ಕಿದ್ದೊಂದು ಸುಖ.

ಬಸ್ಸಿಂದು ಮೊದ್ಲೇ ಹೇಳಿದ್ನಲ್ಲ. ಮಗಳು ಕಣ್ಮುಚ್ಚಿ ಕೈ ತೋರ್ಸಿದ ಕಡೆ ನಿಂತಿದ್ದ ಬಸ್ಸು ಹೆಸರಘಟ್ಟದ್ದು. ಶಕ್ತಿ ಯೋಜನೆ ಇರೋದ್ರಿಂದ ನಮಗೆ ಶೂನ್ಯ ಟಿಕೆಟ್ಟು, ಕಾಸು ಖರ್ಚಿಲ್ಲದ ಟೂರು. ಇಳಿದು ಟೀ ಕುಡಿದು ಕೆರೆ ಕಡೆ ನಡೆದ್ವಿ. ಆ ಕೆರೆ 1894ರದ್ದು, ಅರ್ಕಾವತಿ ನೀರನ್ನ ಹಿಡಿದು ಬೆಂಗಳೂರಿಗೆ ಪೈಪಲ್ಲಿ ಕುಡಿಯೋ ನೀರು ತಂದಿದ್ದು ಮೊದ್ಲು ಅಲ್ಲಿಂದಾನೇ. ಕಾವೇರಿ ನೀರು ಮೂರು ದಿನ ಬರ್ಲಿಲ್ಲ ಅಂತ ಟ್ಯಾಂಕರಿನವನ ಜೊತೆ ಜಗಳ ಆಡೋ ನಾನು, ಈ ಊರಿನ ಮೊದಲ ನಲ್ಲಿ ಎಲ್ಲಿಂದ ಶುರುವಾಯ್ತು ಅಂತ ಯಾವತ್ತೂ ಯೋಚ್ನೆ ಮಾಡಿರ್ಲಿಲ್ಲ.

ಮರಗಳ ಮನೆ ನಂದೇ. ನಮ್ಮ ರೋಡಿಂದ ಆಫೀಸ್ ಕ್ಯಾಬ್ ನಿಲ್ಲೋ ಜಾಗದವರೆಗೆ ಇರೋ ಮರಗಳ ಹೆಸರು ಕಲಿಯೋದು. ಹೊಂಗೆ, ಮಳೆಮರ, ಆಕಾಶಮಲ್ಲಿಗೆ, ಗುಲ್‌ಮೊಹರ್, ಟಬೂಬಿಯಾ, ಒಂದು ನೇರಳೆ. ಜರ್ಮನಿಯಿಂದ ಬಂದು ಲಾಲ್‌ಬಾಗ್ ನೋಡ್ಕೋತಿದ್ದ ಕೃಂಬಿಗಲ್ ಅವರು ಒಂದು ಮರದ ಹೂವು ಉದುರೋ ಹೊತ್ತಿಗೆ ಇನ್ನೊಂದು ಬಿಡೋ ಹಾಗೆ ಊರ ರಸ್ತೆಗಳಿಗೆ ಮರ ಆರಿಸಿದ್ರು ಅಂತಾರಲ್ಲ, ಹೆಸರು ಗೊತ್ತಾದ ಮೇಲೆ ಅದು ನಿಜ್ವಾಗ್ಲೂ ಕಾಣುತ್ತೆ, ಗುಲಾಬಿ ಬಣ್ಣ ಆಯ್ತು, ನೇರಳೆ ಬಣ್ಣ ಬಂತು, ಕೆಂಪು ಶುರು.

ಎಲ್ಲಾ ಹೀಗೆ ಚೆನ್ನಾಗೇ ಆಗುತ್ತೆ ಅಂತಲ್ಲ. ಕೆಂಪೇಗೌಡರ ನಾಲ್ಕು ಗೋಪುರ ಒಂದೇ ದಿನ ನೋಡೋದು ಅಂತ ಒಂದಿತ್ತು. ಬೆಳಿಗ್ಗೆ ಕೆಂಪಾಂಬುಧಿ ಕೆರೆದು, ಆಮೇಲೆ ಲಾಲ್‌ಬಾಗ್ ಬಂಡೆ ಮೇಲಿಂದು, ಆಟೋಲಿ ಮೇಖ್ರಿ ಸರ್ಕಲ್. ಊರು ಇಷ್ಟರವರೆಗೆ ಬೆಳೆಯುತ್ತೆ ಅಂತ ಹಾಕಿದ ಗಡಿ ಅಂತಾರೆ ಅವನ್ನ, ನನ್ನ ಆಫೀಸು ಆ ಗಡಿ ದಾಟಿ ಹದಿನೈದು ಕಿಲೋಮೀಟರ್ ಆಚೆ ಇದೆ. ನಾಲ್ಕನೇದು ಹಲಸೂರು ಕೆರೆ ಹತ್ರದ್ದು, ಹೊರಡೋ ಹೊತ್ತಿಗೆ ಅಕ್ಟೋಬರ್ ಮಳೆ ಹಿಡ್ಕೊಂತು, ಮೇಖ್ರಿ ಸರ್ಕಲ್ಲಲ್ಲೇ ಮೂರು ಗಂಟೆ. ಮೂರು ನೋಡಿ ನಾಲ್ಕು ಅಂತ ಗೀಟು ಹೊಡೆಯೋಕಾಗಲ್ಲ. ಆ ಮನೆ ಹಾಗೇ ಉಳೀತು. ಒಟ್ಟು 11 ಹೊಡೆದೆ.

ಗೆದ್ದೋರು ಅತ್ತೆ, 13. ಅವರ ಟಿಕೆಟ್ ನೋಡ್ಬೇಕಿತ್ತು ನೀವು. ಕೊತ್ತಂಬರಿ ಸೊಪ್ಪಿಗೆ ಫೋನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಡೋದು, ಅದೂ ಹತ್ತೇ ರೂಪಾಯಿ, ಒಂದು ಸೊನ್ನೆ ಜಾಸ್ತಿ ಒತ್ತದೆ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆಲಿ ಮೂರು ಬೀಜದ ಕಾಯಿ 25 ಆರಿಸೋದು, ಅದಕ್ಕೆ ದೊಡ್ಡ ಬಸವಣ್ಣನ ದೇವಸ್ಥಾನದ ರಸ್ತೆ ಉದ್ದಕ್ಕೂ ಒಂದೊಂದು ರಾಶಿ ಮುಂದೆನೂ ನಿಂತು ಮಾರೋರ ಕೈಲಿ ಬೈಸ್ಕೊಂಡ್ರು, ನಾನು ಚೀಲ ಹಿಡ್ಕೊಂಡು ಹಿಂದೆ. ಲಾಲ್‌ಬಾಗ್ ಬಂಡೆ ಹತ್ತೋದೂ ಇತ್ತು, ಮಂಡಿ ನೋವು ಅಂತ ನಾವೆಲ್ಲಾ ಬೇಡ ಅಂದ್ವಿ, ಅಲ್ಲಿರೋ ಬೋರ್ಡ್ ಓದಿಸಿಕೊಂಡು 300 ಕೋಟಿ ವರ್ಷದ ಕಲ್ಲು ಅಂತ ಗೊತ್ತಾದ ಮೇಲೆ "ಇದರ ಮುಂದೆ ನನ್ನ ಎಪ್ಪತ್ತಾರು ಯಾವ ಲೆಕ್ಕ" ಅಂತ ಹತ್ತೇ ಬಿಟ್ರು. ನಿಧಾನಕ್ಕೆ, ಮೂರು ಕಡೆ ಕೂತು.

ಸರಿ, ಪ್ರಶ್ನೆಗೆ ಬರ್ತೀನಿ. ಏನ್ ಸಿಗುತ್ತೆ? ಏನೂ ಸಿಗಲ್ಲ, ಒಂದು ದೋಸೆ. ಮಾಡೋಕಾಗೋದೇ ಅದಕ್ಕೆ ಅಂತ ನಂಗೆ ಅನ್ಸುತ್ತೆ. ಜಿಮ್ ಬಿಟ್ರೆ ನಂಗೆ ನಾನೇ ಸಾಲಗಾರಳ ಥರ ಕಾಣ್ತೀನಿ, ಅದರ ಬಗ್ಗೆ ಯೋಚ್ನೆ ಮಾಡೋದನ್ನೇ ಬಿಟ್ಬಿಡ್ತೀನಿ. ಬಸ್ ತಪ್ಪಿದ್ರೆ ಮುಂದಿನ ಭಾನುವಾರ ಇದೆ. ಜನವರಿ ಪೂರ್ತಿ ಹಾಳಾದ್ರೂ ಪರವಾಗಿಲ್ಲ, ನಮಗೆ ಯುಗಾದಿ ಇನ್ನೊಂದು ಹೊಸ ವರ್ಷ, ನನ್ನಂಥ ಅಕೌಂಟ್ಸಿನವರಿಗೆ ಏಪ್ರಿಲ್ 1 ಮೂರನೇದು. "ನೀವೂ ಮಾಡಿ" ಅಂತ ನಾನು ಯಾರಿಗೂ ಹೇಳಲ್ಲ, ಹೇಳಿದ ತಕ್ಷಣ ಅದೂ ಒಂದು ಹೋಂವರ್ಕ್ ಆಗೋಗುತ್ತೆ.

ಈ ಜನವರಿ ಒಂದಕ್ಕೆ ಹೊಸ ಟಿಕೆಟ್‌ಗಳನ್ನ ಬರೀತಾ ಕೂತಿದ್ವಿ. ಅತ್ತೆ ಕೇಳಿದ್ರು, "ನಿಂದು ಹಲಸೂರಿಂದು ಬಾಕಿ ಉಳೀತಲ್ಲೇ?"

"ಅತ್ತೆ, ಕ್ಯಾರಿ ಇಲ್ಲ, ರೂಲು ನೀವೇ ಮಾಡಿದ್ದು."

"ನಿನ್ ಟಿಕೆಟ್ಟಿಗೆ ಯಾರ್ ಹೇಳಿದ್ರು, ನನ್ ಟಿಕೆಟ್ಟಿಗೆ ಬರ್ಕೊಂಡಿದೀನಿ" ಅಂತ ಪೆನ್ನಿನ ಕ್ಯಾಪ್ ಹಾಕಿದ್ರು. "ಸಾಕ್ಷಿ ಬೇಕಲ್ಲಾ, ಬುಧವಾರ ರಜ ಹಾಕು."