ಗಡುವನ್ನು ನಂಬಿದವರ ಬಾಕ್ಸ್

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ರೈಲು ಹತ್ತಿದರೆ ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಒಂದು ಗಂಟೆಯೊಳಗೆ ಇಳಿಯಬಹುದು. ಟಿವಿಯ ಲೆಕ್ಕದಲ್ಲಿ ಮಾತ್ರ ಈ ಎರಡು ಊರುಗಳ ನಡುವೆ ಹೆಚ್ಚುಕಡಿಮೆ ನಾಲ್ಕು ವರ್ಷಗಳ ಅಂತರವಿತ್ತು. ಹಳೆಯ ಅನಲಾಗ್ ಕೇಬಲ್ ನಿಲ್ಲಬೇಕು, ಮನೆಮನೆಗೂ ಸೆಟ್‌ಟಾಪ್ ಬಾಕ್ಸ್ ಬಂದು ಕೇಬಲ್ ಪೂರ್ತಿ ಡಿಜಿಟಲ್ ಆಗಬೇಕು ಎಂದು ಕೇಂದ್ರ ಸರ್ಕಾರ ದೇಶವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿತ್ತು. ಮೈಸೂರಿಗೆ ಕೊಟ್ಟಿದ್ದ ಗಡುವು 2013ರ ಮಾರ್ಚ್ 31. ಎರಡನೆಯ ಹಂತದ 38 ನಗರಗಳ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಇದ್ದದ್ದು ಬೆಂಗಳೂರು ಮತ್ತು ಮೈಸೂರು ಎರಡೇ. ಮಂಡ್ಯ ನಗರಸಭೆಯ ಊರು, ಆದ್ದರಿಂದ ಮೂರನೆಯ ಹಂತ. ನಮ್ಮ ಗಡುವು ಮೊದಲು 2014ರ ಸೆಪ್ಟೆಂಬರ್ 30 ಎಂದಾಯಿತು. ಆಮೇಲೆ 2015ರ ಡಿಸೆಂಬರ್ 31. ಅಲ್ಲಿಂದಲೂ ಎಳೆದಾಡಿ 2017ರ ಜನವರಿ 31ಕ್ಕೆ ಬಂದು ನಿಂತಿತು. ಊರ ಗಡಿ ದಾಟಿದರೆ ಹಳ್ಳಿಗಳಿಗೆ ನಾಲ್ಕನೆಯ ಹಂತ, ಅವುಗಳಿಗೆ ಬೇರೆಯದೇ ದಿನಾಂಕಗಳು.

ಗುತ್ತಲು ರಸ್ತೆಯ ಕಡೆ ನನ್ನದೊಂದು ಟಿವಿ ರಿಪೇರಿ ಅಂಗಡಿ. ಆ ವರ್ಷಗಳಲ್ಲಿ ಜನ ಬೈಯಲು ಬರುತ್ತಿದ್ದುದು ನನ್ನ ಹತ್ತಿರ. ದೆಹಲಿಯ ಸಚಿವಾಲಯಕ್ಕೆ ಹೋಗಿ ಜಗಳವಾಡಲು ಆಗುವುದಿಲ್ಲ, ಕೇಬಲ್‌ನವರು ಫೋನ್ ಎತ್ತುವುದಿಲ್ಲ, ನಾನು ಮಾತ್ರ ದಿನಾ ಬೆಳಿಗ್ಗೆ ಶಟರ್ ಎತ್ತಿ ಕೈಗೆ ಸಿಗುತ್ತಿದ್ದೆ. ನನ್ನ ಕಸುಬು ಬೆಸುಗೆ ಹಾಕುವುದು. ಸರ್ಕಾರದ ಪರವಾಗಿ ಉತ್ತರ ಹೇಳುವ ಕೆಲಸವನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

ನನ್ನ ಹೆಂಡತಿಯ ಅಕ್ಕ ಮೈಸೂರಿನ ಕುವೆಂಪುನಗರದಲ್ಲಿದ್ದಾರೆ. ಅವರ ಬೀದಿಗೆ ಬಾಕ್ಸ್ ಬಂದಾಗ ಅವರೂ ಬೈದವರೇ. ಒಂದು ರಿಮೋಟ್ ಇದ್ದಲ್ಲಿ ಎರಡಾಯಿತು, ಒಳಕೋಣೆಯ ಪುಟ್ಟ ಟಿವಿಗೆ ಇನ್ನೊಂದು ಬಾಕ್ಸ್ ಕೊಳ್ಳಬೇಕಾಯಿತು, ಚಾನೆಲ್‌ಗಳ ನಂಬರುಗಳೆಲ್ಲ ಅದಲುಬದಲಾಗಿ ಅವರ ಅತ್ತೆಗೆ ಚಂದನ ಸಿಗದೆ ಮನೆಯಲ್ಲಿ ಮುನಿಸು. ದಸರೆಯ ಹೊತ್ತಿಗೆ ಎಲ್ಲವೂ ಮರೆತುಹೋಗಿತ್ತು. ಜಂಬೂಸವಾರಿ ನೋಡಲೆಂದು ಹೋದ ನಾವು ಜನಜಂಗುಳಿಗೆ ಹೆದರಿ ಅವರ ಮನೆಯ ಟಿವಿಯ ಮುಂದೆಯೇ ಕುಳಿತೆವು. ಅಂಬಾರಿಯ ಕುಸುರಿಯೂ ಕಾಣುವಷ್ಟು ಸ್ವಚ್ಛವಾದ ಚಿತ್ರ. ಮಂಡ್ಯಕ್ಕೆ ಮರಳಿ ನಮ್ಮ ಟಿವಿ ಹಾಕಿದೊಡನೆ ಮಗಳು ಕೇಳಿದಳು, "ಅಪ್ಪ, ನೀವು ಟಿವಿ ರಿಪೇರಿ ಮಾಡುವವರಲ್ಲವೇ? ನಮ್ಮದರಲ್ಲಿ ಮಾತ್ರ ಏಕೆ ಯಾವಾಗಲೂ ಮಳೆ ಸುರಿಯುತ್ತಿರುತ್ತದೆ?"

ಆ ರೋಗ ನನ್ನ ಕೈಯಲ್ಲಿರಲಿಲ್ಲ. ಅನಲಾಗ್ ಕೇಬಲ್‌ನಲ್ಲಿ ಒಂದೊಂದು ಚಾನೆಲ್‌ಗೂ ಏಳೆಂಟು ಮೆಗಾಹರ್ಟ್ಸ್ ಜಾಗ ಬೇಕು. ಎಂಬತ್ತು, ನೂರು ಚಾನೆಲ್ ತುಂಬುವಷ್ಟರಲ್ಲಿ ತಂತಿ ಭರ್ತಿ. ಅದರಲ್ಲೂ ಮೇಲಿನ ಆವರ್ತನದ ಚಾನೆಲ್‌ಗಳು ತಂತಿ ಉದ್ದವಾದಂತೆ ಬೇಗ ಸೊರಗುತ್ತವೆ, ಹಳೆಯ ಟಿವಿಗಳಿಗೆ ಅವು ಸಿಗುವುದೂ ಇಲ್ಲ. ಹಾಗಾಗಿ ಕೆಳಗಿನ ಆವರ್ತನದ ಜಾಗಕ್ಕೆ ಬಸ್ಸಿನ ಕಿಟಕಿ ಸೀಟಿನಂತೆ ಪೈಪೋಟಿ. ಅಲ್ಲಿ ಕೂರಲು ವಾಹಿನಿಗಳೇ ಕೇಬಲ್ ಕಂಪನಿಗಳಿಗೆ ಹಣ ಕೊಡುತ್ತಿದ್ದವು. ಕಂಟ್ರೋಲ್ ರೂಮಿನಿಂದ ಕಂಬ ಕಂಬ ದಾಟಿ, ಆಂಪ್ಲಿಫೈಯರ್ ಮೇಲೆ ಆಂಪ್ಲಿಫೈಯರ್ ಏರಿ, ಸ್ಪ್ಲಿಟರ್‌ಗಳಲ್ಲಿ ಹಂಚಿಹೋಗಿ ಬೀದಿಯ ಕೊನೆಯ ಮನೆಗೆ ಬರುವಾಗ ಚಿತ್ರದ ಜೊತೆ ಗದ್ದಲವೂ ಬರುತ್ತದೆ, ಪರದೆಯ ಮೇಲಿನ ಮಳೆ ಅದೇ. ನಮ್ಮದು ಬೀದಿಯ ಕೊನೆಯ ಮನೆ. ಡಿಜಿಟಲ್‌ನಲ್ಲಿ ಒಂದು ಅನಲಾಗ್ ಚಾನೆಲ್‌ನ ಜಾಗದಲ್ಲಿ ಹತ್ತಕ್ಕಿಂತ ಹೆಚ್ಚು ಚಾನೆಲ್‌ಗಳು ಕೂರುತ್ತವೆ, ಮಳೆ ಸುರಿಯುವುದಿಲ್ಲ. ಸಿಗ್ನಲ್ ತೀರಾ ಕೆಟ್ಟರೆ ಮುಖಗಳು ಚೌಕ ಚೌಕವಾಗಿ ಒಡೆದು ಹೆಪ್ಪುಗಟ್ಟುತ್ತವೆ, ಅದು ಬೇರೆ ಪೀಡೆ.

ಆದರೆ ಚಿತ್ರ ಚೆನ್ನಾಗಿ ಕಾಣಲಿ ಎಂದು 2011ರ ಕೊನೆಯಲ್ಲಿ ಸಂಸತ್ತು ಕೇಬಲ್ ಟಿವಿಯ ಕಾನೂನು ತಿದ್ದಲಿಲ್ಲ. ಲೆಕ್ಕ ಸಿಗಲಿ ಎಂದು ತಿದ್ದಿತು. ಅನಲಾಗ್ ತಂತಿ ಎಷ್ಟು ಮನೆಗೆ ಹೋಗಿದೆ ಎಂಬುದು ತಂತಿ ಎಳೆದವನಿಗೆ ಮಾತ್ರ ಗೊತ್ತು. ಇನ್ನೂರು ಮನೆಗಳಿಂದ ವಸೂಲಿ ಮಾಡಿ ಮೇಲಿನವರಿಗೆ ಐವತ್ತು ಮನೆ ಎಂದು ತೋರಿಸಿದರೆ ವಾಹಿನಿಗೂ ತೆರಿಗೆಗೂ ಆ ಐವತ್ತೇ ಲೆಕ್ಕ. ಬಾಕ್ಸ್ ಬಂದರೆ ಪ್ರತಿ ಮನೆಗೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಯೂ ಕಂಪ್ಯೂಟರಿನಲ್ಲಿ. ಗಡುವು ಮುಂದಕ್ಕೆ ಹೋದ ಪ್ರತಿ ಸಲವೂ ಯಾರ ಮುಖ ಅರಳುತ್ತಿತ್ತು ಎಂಬುದನ್ನು ನಾನು ಅಂಗಡಿಯಲ್ಲಿ ಕುಳಿತೇ ನೋಡಿದ್ದೇನೆ. ಹೆಸರು ಬೇಡ.

2014ರಲ್ಲಿ ಮೊದಲ ಸಲ ಮುಂದೂಡಿದಾಗ ಆಗಿನ ವಾರ್ತಾ ಮತ್ತು ಪ್ರಸಾರ ಸಚಿವ ಪ್ರಕಾಶ್ ಜಾವಡೇಕರ್ ಕೊಟ್ಟ ಕಾರಣ, ಬಾಕ್ಸ್‌ಗಳು ನಮ್ಮ ದೇಶದಲ್ಲೇ ತಯಾರಾಗಲಿ ಎಂಬುದು. ಒಳ್ಳೆಯ ಕಾರಣವೇ. ಚೀನಾದಿಂದ ಬಂದ ಬಾಕ್ಸ್‌ಗಳ ಹೊಟ್ಟೆ ಬಿಚ್ಚಿ ನೋಡುವವನಿಗೆ ಅದರ ಬೆಲೆ ಚೆನ್ನಾಗಿಯೇ ತಿಳಿಯುತ್ತದೆ. ಆದರೆ ಆ ಮಾತು ಬಂದಾಗ ಸೆಪ್ಟೆಂಬರ್ ಗಡುವಿಗೆ ಕೆಲವೇ ವಾರಗಳು ಉಳಿದಿದ್ದವು. ಅಷ್ಟರಲ್ಲಿ ಮಂಡ್ಯದಲ್ಲಿ ಹಣ ಕೊಟ್ಟವರು ಕೊಟ್ಟಾಗಿತ್ತು.

ಸುಭಾಷ್‌ನಗರದ ಒಬ್ಬ ನಿವೃತ್ತ ನರ್ಸ್ ಅಂಥವರಲ್ಲೊಬ್ಬರು. ಸುತ್ತಮುತ್ತಲಿನವರೆಲ್ಲ ಈಗಲೂ ಸಿಸ್ಟರ್ ಎಂದೇ ಕರೆಯುತ್ತಾರೆ. ಕರೆಂಟ್ ಬಿಲ್ ಬಂದ ದಿನವೇ ಕಟ್ಟುವವರು, ಮನೆಗಂದಾಯದಲ್ಲಿ ರಿಯಾಯಿತಿ ಇರುವಾಗಲೇ ರಸೀದಿ ಪಡೆಯುವವರು. ಟಿವಿಯಲ್ಲಿ ಕೆಳಗಡೆ ಓಡುತ್ತಿದ್ದ ಸೂಚನೆಯನ್ನು ಓದಿ, ಕೇಬಲ್ ಹುಡುಗನನ್ನು ತಾವೇ ಕರೆಸಿ, ಅರ್ಜಿ ತುಂಬಿ, ಗುರುತಿನ ಚೀಟಿಯ ನಕಲು ಲಗತ್ತಿಸಿ ಬಾಕ್ಸ್ ತೆಗೆದುಕೊಂಡರು. ಅವನು ಬಾಕ್ಸ್ ಕೊಟ್ಟ, ಜೋಡಿಸಲಿಲ್ಲ. ಅವರ ಕಂಟ್ರೋಲ್ ರೂಮ್ ಇನ್ನೂ ಡಿಜಿಟಲ್ ಆಗಿರಲಿಲ್ಲ. "ಗಡುವಿನ ದಿನ ಬಂದು ಹಾಕಿಕೊಡುತ್ತೇನೆ ಸಿಸ್ಟರ್" ಎಂದು ಹೋದವನ ದಿನವೇ ಬರಲಿಲ್ಲ. ಬಾಕ್ಸ್ ಪ್ಲಾಸ್ಟಿಕ್ ಚೀಲದ ಸಮೇತ ಷೋಕೇಸ್ ಸೇರಿತು, ಅದರ ಮೇಲೊಂದು ಕ್ರೋಶಾ ಬಟ್ಟೆ, ಬಟ್ಟೆಯ ಮೇಲೊಂದು ಚನ್ನಪಟ್ಟಣದ ಗೊಂಬೆ.

ಮುಂದಿನ ಗಡುವೂ ಬಂತು. ಅದರ ಸುತ್ತ ಹಲವು ರಾಜ್ಯಗಳ ಹೈಕೋರ್ಟುಗಳಲ್ಲಿ ಅರ್ಜಿಗಳು, ತಡೆಯಾಜ್ಞೆಗಳು. ಅಂತೂ ನಿಜವಾಗಿ ತಂತಿ ಬದಲಾಗುವ ಹೊತ್ತಿಗೆ ಸಿಸ್ಟರ್ ಬಾಕ್ಸ್ ಹೊರತೆಗೆದರೆ ಅದರ ಕೆಂಪು ದೀಪವೂ ಹತ್ತಲಿಲ್ಲ. ನನ್ನ ಅಂಗಡಿಗೆ ತಂದರು. ಪವರ್ ಸಪ್ಲೈಯ ಕೆಪಾಸಿಟರ್‌ಗಳು ಕೆಲಸ ಮಾಡದೆಯೇ ಮುದಿಯಾಗಿದ್ದವು. ರಿಮೋಟ್‌ನಲ್ಲಿ ಹಾಕಿಟ್ಟಿದ್ದ ಸೆಲ್‌ಗಳು ಸೋರಿ ಸ್ಪ್ರಿಂಗ್ ಹಸಿರಾಗಿತ್ತು. ಗ್ಯಾರಂಟಿ ಬಿಲ್ ತಾರೀಖಿನಿಂದ ಒಂದು ವರ್ಷ. ಬಿಲ್ ಅಚ್ಚುಕಟ್ಟಾಗಿ ಮಡಚಿ ಇಟ್ಟುಕೊಂಡಿದ್ದರು, ಅದರ ಪ್ರಕಾರವೇ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು.

"ಗಡುವು ಸರ್ಕಾರದ್ದು, ಗ್ಯಾರಂಟಿ ನನ್ನದು" ಎಂದರು ಸಿಸ್ಟರ್. "ಗಡುವನ್ನು ಮುಂದಕ್ಕೆ ಹಾಕಿದವರು ಗ್ಯಾರಂಟಿಯನ್ನೂ ಮುಂದಕ್ಕೆ ಹಾಕಬೇಕಿತ್ತಲ್ಲವೇನಪ್ಪ?"

ನಾನು ಕೆಪಾಸಿಟರ್ ಬದಲಿಸಿ ದೀಪ ಹತ್ತಿಸಿದೆ. ಅದರಿಂದಲೂ ಪ್ರಯೋಜನವಾಗಲಿಲ್ಲ. ಈ ನಡುವೆ ಆ ಬೀದಿಯ ಕೇಬಲ್‌ನವರು ತಮಗೆ ಸಿಗ್ನಲ್ ಕೊಡುವ ದೊಡ್ಡ ಕಂಪನಿಯನ್ನೇ ಬದಲಿಸಿದ್ದರು. ಒಂದು ಕಂಪನಿಯ ಬಾಕ್ಸ್ ಇನ್ನೊಂದು ಕಂಪನಿಯ ಬೀಗ ತೆರೆಯುವುದಿಲ್ಲ. ಮೊಬೈಲ್‌ನಲ್ಲಿ ಸಿಮ್ ಬದಲಿಸುವ ಹಾಗೆ ಇದರಲ್ಲಿ ಕಾರ್ಡ್ ಬದಲಿಸಿ ಬಳಸಲಾಗದು. ಹಾಗೆ ಬಳಸುವಂತಾಗಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಶಿಫಾರಸು ಮಾಡಿದ್ದೇ 2020ರಲ್ಲಿ. ಸಿಸ್ಟರ್ ಎರಡನೆಯ ಬಾಕ್ಸ್ ಕೊಂಡರು. ಅವರ ಪಕ್ಕದ ಮನೆಯವರು, 'ಇದೆಲ್ಲ ಆಗುವ ಮಾತಲ್ಲ' ಎಂದು ಮೊದಲಿನಿಂದಲೂ ಕೈಕಟ್ಟಿ ಕುಳಿತವರು, ಅದೇ ವಾರ ಮೊದಲನೆಯ ಬಾಕ್ಸ್ ಕೊಂಡರು. ಸಿಸ್ಟರ್ ಮೊದಲು ಕೊಟ್ಟಿದ್ದಕ್ಕಿಂತ ಕಡಿಮೆ ಬೆಲೆಗೆ!

ನನಗೆ ಇದರಲ್ಲಿ ಸಿಟ್ಟು ಬರಿಸುವುದು ಇಷ್ಟೇ. ಮುಂದೂಡಿಕೆಯ ದಂಡ ತೆತ್ತವರು ತಯಾರಾಗದಿದ್ದವರಲ್ಲ, ತಯಾರಾಗಿದ್ದವರು.

ಮುಂದೂಡಿದ್ದು ಒಳ್ಳೆಯದಾಯಿತು ಎಂದವರೂ ಇದ್ದರು, ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಕೆರಗೋಡು ಕಡೆಯ ಒಬ್ಬ ರೈತರು ಹಳೆಯ ಪೋರ್ಟಬಲ್ ಟಿವಿ ಹೊತ್ತು ತಂದಿದ್ದರು. 2015ರಲ್ಲಿ ಈ ಜಿಲ್ಲೆಯ ಕಬ್ಬು ಬೆಳೆಗಾರರ ಪಾಡು ಏನಾಗಿತ್ತೆಂದು ಮಂಡ್ಯದವರಿಗೆ ಹೇಳಬೇಕಾಗಿಲ್ಲ. "ಕಬ್ಬು ಕಡಿದು ಕಳಿಸಿದ್ದೇನೆ, ದುಡ್ಡು ಬಂದಿಲ್ಲ. ಈಗ ಬಾಕ್ಸ್ ಕೊಳ್ಳಿ ಎಂದರೆ ಟಿವಿಯನ್ನೇ ಮಾರಬೇಕಾಗುತ್ತದೆ ಅಣ್ಣ" ಎಂದರು. ಅವರ ಟಿವಿಗೆ ಬಾಕ್ಸ್‌ನಿಂದ ಬರುವ ಹಳದಿ, ಕೆಂಪು, ಬಿಳಿ ವೈರು ಸಿಕ್ಕಿಸುವ ತೂತೇ ಇರಲಿಲ್ಲ. ಅಂಥ ಸೆಟ್‌ಗಳಿಗೆ ನಾವು ಹಿಂದೆ ತೂತು ಕೊರೆದು ಪಿನ್ ಕೂರಿಸುತ್ತಿದ್ದೆವು. ಕೆಲವು ಹಳೆಯ ಸೆಟ್‌ಗಳ ಚಾಸಿಯಲ್ಲೇ ಕರೆಂಟ್ ಹರಿಯುತ್ತದೆ, ಗೊತ್ತಿಲ್ಲದವರು ಕೈ ಹಾಕಿದರೆ ವೈರು ಮುಟ್ಟಿದವರಿಗೂ ಹೊಡೆಯುತ್ತದೆ. ಬಾಕ್ಸ್‌ನ ಚಿತ್ರವನ್ನು ಟಿವಿಯ ಆಂಟೆನಾ ತೂತಿನ ಮೂಲಕವೇ ಕಳಿಸುವ ಮಾಡ್ಯುಲೇಟರ್ ಎಂಬ ಸಣ್ಣ ಡಬ್ಬಿ ಹಾಕುವುದು ಸುರಕ್ಷಿತ, ಅದಕ್ಕೆ ಮತ್ತೆ ಹಣ. 2016ರ ಡಿಸೆಂಬರ್‌ನಲ್ಲಿ ಹಳ್ಳಿಗಳ ಗಡುವನ್ನು ಇನ್ನೂ ಮೂರು ತಿಂಗಳು, ಅಂದರೆ 2017ರ ಮಾರ್ಚ್ 31ರವರೆಗೆ ತಳ್ಳಿದಾಗ ಇನ್ನೊಂದು ಸಂಕಟ. ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾಗಿ ಜನ ಬ್ಯಾಂಕಿನ ಮುಂದೆ ಸಾಲು ನಿಂತಿದ್ದರು. ಆ ತಿಂಗಳಲ್ಲಿ ಬಾಕ್ಸ್‌ಗೆ ಹಣ ಕೊಡಿ ಎಂದು ಕೇಳುವ ಮುಖ ಯಾರಿಗಿತ್ತು?

ಹಾಗಿದ್ದರೆ ಸಮಯ ಬೇಕಿತ್ತು, ನಿಜ. ಸಿಕ್ಕಿದ ಸಮಯದಲ್ಲಿ ಆ ರೈತರಿಗಾಗಿ ಏನು ನಡೆಯಿತು? ಕಂತಿನಲ್ಲಿ ಕಟ್ಟುವ ಏರ್ಪಾಡು ನನ್ನ ಕಣ್ಣಿಗೆ ಬೀಳಲಿಲ್ಲ, ಬಡವರಿಗೆ ರಿಯಾಯಿತಿ ಚೀಟಿಯೂ ಇಲ್ಲ. ಅಮೆರಿಕದವರೂ ಒಮ್ಮೆ ಮುಂದೂಡಿದ್ದರು. ಅಲ್ಲಿ ಆಂಟೆನಾದಿಂದ ಬರುವ ಟಿವಿ ಡಿಜಿಟಲ್ ಆಗಬೇಕಿದ್ದ ದಿನ 2009ರ ಫೆಬ್ರವರಿ 17. ಬಾಕ್ಸ್ ಕೊಳ್ಳಲೆಂದು ಮನೆಗೆ ಎರಡರಂತೆ ಸರ್ಕಾರ ಕೊಡುತ್ತಿದ್ದ 40 ಡಾಲರ್‌ನ ಕೂಪನ್‌ಗಳಿಗೆ ಹಣ ಸಾಲದೆ ಜನ ಕಾಯುವ ಪಟ್ಟಿಯಲ್ಲಿ ನಿಂತಾಗ, ಜೂನ್ 12ಕ್ಕೆ ಹಾಕಿದರು. ಕೂಪನ್‌ಗೆ ಹಣ ಒದಗಿಸಿದರು, ಜೂನ್ 12ರಂದು ಮುಗಿಸಿದರು. ನಮ್ಮಲ್ಲಿ ದಿನಾಂಕಕ್ಕೆ ದಿನಾಂಕ ಹುಟ್ಟಿತು. ಮೊದಲ ಹಂತದ ನಾಲ್ಕು ಮಹಾನಗರಗಳದ್ದೂ ಇದೇ ಕಥೆ: 2012ರ ಮಾರ್ಚ್ 31, ಆಮೇಲೆ ಜೂನ್ 30, ಆಮೇಲೆ ಅಕ್ಟೋಬರ್ 31.

ಇನ್ನೊಂದು ಮಾತು ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಬಾಕ್ಸ್ ಏಕೆ ಬೇಕು ಎಂದು ಕೇಳಿದವರಿಗೆಲ್ಲ ಆಗ ಕೊಡುತ್ತಿದ್ದ ಉತ್ತರ, 'ನೀವು ನೋಡುವ ಚಾನೆಲ್‌ಗೆ ಮಾತ್ರ ಹಣ ಕೊಡಬಹುದು' ಎಂದು. ನಾನೂ ಅದನ್ನೇ ಒಪ್ಪಿಸುತ್ತಿದ್ದೆ. ಬಾಕ್ಸ್ ಬಂದ ಮೇಲೂ ಕೇಬಲ್‌ನವರು ಕೊಟ್ಟದ್ದೇ ಗೊಂಚಲು, ಕೇಳಿದಷ್ಟೇ ದುಡ್ಡು. ಗಿರಾಕಿಯೇ ಚಾನೆಲ್ ಆರಿಸಿಕೊಳ್ಳುವ ದರಪದ್ಧತಿ ನಿಜವಾಗಿ ಜಾರಿಗೆ ಬಂದದ್ದು 2019ರ ಫೆಬ್ರವರಿ 1ರಂದು. ಅದಕ್ಕೂ ಮೊದಲು 2018ರ ಡಿಸೆಂಬರ್ 29 ಎಂದು ಹೇಳಿ ಮುಂದೂಡಿದ್ದರು, ಆರಿಸಿಕೊಳ್ಳಲು ಮತ್ತೆ ಮಾರ್ಚ್ 31ರವರೆಗೆ ಅವಕಾಶ ಕೊಟ್ಟರು. ಆಗ ನೂರು ಚಾನೆಲ್‌ಗಳ ಮೂಲ ಶುಲ್ಕ 130 ರೂಪಾಯಿ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಹಣ ಕೊಟ್ಟು ನೋಡುವ ವಾಹಿನಿಗಳು ಅದರ ಮೇಲೆ ಬೇರೆ. ಸಿಸ್ಟರ್ ಪಟ್ಟಿ ಹಿಡಿದು ಬಂದು ನನ್ನ ಕ್ಯಾಲ್ಕುಲೇಟರ್‌ನಲ್ಲೇ ಕೂಡಿದರು. ಎರಡು ಧಾರಾವಾಹಿ ವಾಹಿನಿ, ಒಂದು ಸುದ್ದಿ, ಒಂದು ಕ್ರಿಕೆಟ್ ಸೇರಿಸುವಷ್ಟರಲ್ಲಿ ಹಳೆಯ ಕೇಬಲ್ ಬಾಡಿಗೆಯನ್ನು ದಾಟಿತ್ತು. ಕ್ರಿಕೆಟ್ ತೆಗೆಸಿದರು. ಮೊಮ್ಮಗನ ಮೊಬೈಲ್‌ನಲ್ಲಿ ನೋಡಿದರಾಯಿತು ಎಂದರು.

2017ರ ಜನವರಿ ಮುಗಿಯುವ ಮುನ್ನ ನಾನು ಅಂಗಡಿಯ ಮುಂದೆ ಒಂದು ರಟ್ಟಿನ ಮೇಲೆ 'ಜನವರಿ 31 ಕೊನೆ' ಎಂದು ದಪ್ಪಕ್ಷರದಲ್ಲಿ ಬರೆದು ತೂಗುಹಾಕಿದ್ದೆ. ಓದಿದವರೆಲ್ಲ ನಕ್ಕರು. ಎದುರಿನ ಹಾಲಿನ ಬೂತ್‌ನವರು, "ಯಾವ ವರ್ಷದ ಜನವರಿ ಎಂದೂ ಬರೆಯಿರಿ ಸ್ವಾಮಿ" ಎಂದರು. ಮಾಡ್ಯುಲೇಟರ್, ಎವಿ ವೈರು, ಅಡಾಪ್ಟರ್ ಎಂದು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಸರಕು ತರಿಸಿಟ್ಟುಕೊಂಡು ಕುಳಿತರೆ ಒಬ್ಬರೂ ಸುಳಿಯಲಿಲ್ಲ. ಬೀದಿಯೊಂದರ ಅನಲಾಗ್ ನಿಂತು ಪರದೆ ಕಪ್ಪಾದ ಸಂಜೆ ಮಾತ್ರ ಬಾಗಿಲ ಮುಂದೆ ಸಂತೆ. ಧಾರಾವಾಹಿಯ ಹೊತ್ತು ಬೇರೆ. ಬೂತ್‌ನವರೂ ಇದ್ದರು, ಸಾಲಿನಲ್ಲಿ ಹಿಂದೆ.

ಅಂಗಡಿಯ ಅಟ್ಟದ ಮೇಲೆ ಈಗಲೂ ಒಂದು ಗೋಣಿಚೀಲ ತುಂಬ ಆ ಕಾಲದ ಬಾಕ್ಸ್‌ಗಳಿವೆ. ತಂದುಕೊಟ್ಟವರು ವಾಪಸ್ ಕೇಳಲಿಲ್ಲ, ಕಂಪನಿಗಳು ತೆಗೆದುಕೊಳ್ಳಲಿಲ್ಲ, ಗುಜರಿಯವನು ತೂಕಕ್ಕೆ ಕೇಳಿದ ಬೆಲೆಗೆ ಕೊಡಲು ನನಗೇ ಮನಸ್ಸಾಗಲಿಲ್ಲ. ಅವುಗಳ ಜೊತೆ ಬಂದ ಹನ್ನೆರಡು ವೋಲ್ಟಿನ ಅಡಾಪ್ಟರ್‌ಗಳಿಗೆ ಮಾತ್ರ ಈಗ ಒಳ್ಳೆಯ ಗಿರಾಕಿ, ವೈಫೈ ರೂಟರ್‌ಗಳಿಗೆ ಸರಿಹೊಂದುತ್ತವೆ. ಯಾರ ಮನೆಯಲ್ಲಾದರೂ ಇದ್ದರೆ ತನ್ನಿ, ಪಿನ್ ಮತ್ತು ಆಂಪಿಯರ್ ಹೊಂದುತ್ತದೆಯೇ ಎಂದು ನೋಡಿ ಹೇಳುತ್ತೇನೆ. ಬಾಕ್ಸ್ ತರಬೇಡಿ, ಅಟ್ಟದಲ್ಲಿ ಜಾಗವಿಲ್ಲ.